ಜಪಾನಿನ ಕೈಕೆಲಸದ ಅಡುಗೆ ಚಾಕುಗಳು: ಅಲಗಿನ ಆಕಾರ, ಉಕ್ಕು ಮತ್ತು ಹಿಡಿತವನ್ನು ಹೋಲಿಸಿ ನೋಡುವ ಬಗೆ

ಟೋಕಿಯೊದ ಕಪ್ಪಾಬಾಶಿ ಬೀದಿಯಲ್ಲಾಗಲಿ ಒಸಾಕಾದ ದೋಗುಯಾಸುಜಿಯಲ್ಲಾಗಲಿ ಅಡುಗೆ ಸಾಮಾನಿನ ಅಂಗಡಿಯೊಳಗೆ ಕಾಲಿಟ್ಟರೆ ಗಾಜಿನ ಕಪಾಟುಗಳ ತುಂಬ ಚಾಕುಗಳು ಸಾಲಾಗಿ ಕಾಣುತ್ತವೆ. ಒಂದೇ ಉದ್ದದ, ಹೊರನೋಟಕ್ಕೆ ಒಂದೇ ಬಗೆಯ ಎರಡು ಚಾಕುಗಳ ಬೆಲೆಯಲ್ಲಿ ಎರಡು ಮೂರು ಪಟ್ಟು ಅಂತರವಿರುವುದೂ ಉಂಟು. ಜೊತೆಗಿರುವ ಚೀಟಿ ಹೇಳುವುದು ಉದ್ದ, ಬೆಲೆ ಮತ್ತು ಉಕ್ಕಿನ ಹೆಸರನ್ನಷ್ಟೇ. ಹೀಗಾಗಿ ಕೊಳ್ಳಲು ಹೋದವರಲ್ಲಿ ಬಹುತೇಕರು ಉಕ್ಕಿನಿಂದಲೇ ಹೋಲಿಕೆ ಶುರುಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಚಾಕು ಗಜ್ಜರಿಯೊಳಗೆ ಹೇಗೆ ಇಳಿಯುತ್ತದೆ, ಈರುಳ್ಳಿಯನ್ನು ಎಷ್ಟು ಸಣ್ಣಗೆ ಹೆಚ್ಚುತ್ತದೆ ಎಂಬುದನ್ನು ನಿರ್ಧರಿಸುವುದು ಅಲಗಿನ ಆಕಾರ ಮತ್ತು ದಪ್ಪ. ಆ ಹರಿತ ಎಷ್ಟು ಕಾಲ ಉಳಿಯುತ್ತದೆ, ಮೊಂಡಾದ ಮೇಲೆ ಎಷ್ಟು ಸುಲಭವಾಗಿ ಮರಳಿ ಬರುತ್ತದೆ ಎಂಬುದು ಉಕ್ಕಿಗೂ ಅದಕ್ಕೆ ಕೊಟ್ಟ ಹದಕ್ಕೂ ಸೇರಿದ ವಿಷಯ. ಆದ್ದರಿಂದ ಇಲ್ಲಿ ಆಕಾರದಿಂದ ಆರಂಭಿಸಿ, ದಪ್ಪವನ್ನು ನೋಡಿ, ಆಮೇಲೆ ಉಕ್ಕಿಗೆ ಬಂದು, ಕೊನೆಯಲ್ಲಿ ಹಿಡಿತವನ್ನೂ ಮಣೆಯ ಮೇಲಿನ ಪರೀಕ್ಷೆಯನ್ನೂ ವಿವರಿಸಲಾಗಿದೆ.

ಕೈಕೆಲಸ ಎಂದರೆ ಯಾರ ಕೈ?

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಕೈಕೆಲಸದ ಚಾಕು ಎಂದ ಮಾತ್ರಕ್ಕೆ ಒಬ್ಬನೇ ಕಮ್ಮಾರ ಮೊದಲಿನಿಂದ ಕೊನೆಯವರೆಗೆ ಯಂತ್ರದ ನೆರವಿಲ್ಲದೆ ಮಾಡಿದ್ದು ಎಂದಲ್ಲ. ಒಸಾಕಾ ಪ್ರಾಂತ್ಯದ ಸಕಾಯ್ ಪಟ್ಟಣದಲ್ಲಿ ಕುಲುಮೆಯಲ್ಲಿ ಅಲಗನ್ನು ಬಡಿದು ಹದ ಕೊಡುವವರು ಒಬ್ಬರು, ಸಾಣೆ ಹಿಡಿದು ಹರಿತ ಮಾಡುವವರು ಇನ್ನೊಬ್ಬರು, ಹಿಡಿ ಕೂರಿಸುವವರು ಮತ್ತೊಬ್ಬರು. ಸಗಟು ವ್ಯಾಪಾರಿ ಈ ಮೂವರ ಕೆಲಸವನ್ನು ಒಟ್ಟುಗೂಡಿಸಿ ತನ್ನ ಹೆಸರನ್ನು ಕೆತ್ತಿಸುತ್ತಾನೆ. ಫುಕುಯಿ ಪ್ರಾಂತ್ಯದ ಎಚಿಜೆನ್, ನೀಗಾಟಾದ ಸಾಂಜೊ, ಕೋಚಿಯ ತೋಸಾ ಕಡೆಗಳಲ್ಲಿ ಒಂದೇ ಕಾರ್ಯಾಗಾರದೊಳಗೆ ಬಡಿಯುವುದೂ ಸಾಣೆ ಹಿಡಿಯುವುದೂ ನಡೆಯುವುದು ಹೆಚ್ಚು. ಎಚಿಜೆನ್‌ನ ಬಡಿದು ಮಾಡಿದ ಚಾಕುಗಳಿಗೆ 1979ರಲ್ಲಿ, ಸಕಾಯ್‌ನವಕ್ಕೆ 1982ರಲ್ಲಿ ಜಪಾನ್ ಸರ್ಕಾರದಿಂದ ಸಾಂಪ್ರದಾಯಿಕ ಕರಕುಶಲ ವಸ್ತುವೆಂಬ ಮಾನ್ಯತೆ ದೊರೆತಿದೆ. ಎಲ್ಲ ಕಡೆಯೂ ವಿದ್ಯುತ್ತಿನಿಂದ ನಡೆಯುವ ಸುತ್ತಿಗೆ ಮತ್ತು ತಿರುಗುವ ಸಾಣೆಚಕ್ರಗಳ ಬಳಕೆ ಸಾಮಾನ್ಯ. ಅದರಿಂದ ಚಾಕುವಿನ ಬೆಲೆ ಕಡಿಮೆಯಾಗಬೇಕಾಗಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದನ್ನು ಬಡಿದವರು ಯಾರು ಎಂಬುದು. ಎರಡನೆಯದು ಸಾಣೆ ಹಿಡಿದವರು ಯಾರು ಎಂಬುದು. ಒಬ್ಬನೇ ಕಮ್ಮಾರ ಬಡಿದ ಎರಡು ಅಲಗುಗಳು ಬೇರೆ ಬೇರೆ ಸಾಣೆಗಾರರ ಕೈಗೆ ಹೋದರೆ ಮಣೆಯ ಮೇಲೆ ಅವು ಎರಡು ಬೇರೆಯೇ ಚಾಕುಗಳಾಗಿಬಿಡುತ್ತವೆ. ಕಮ್ಮಾರನ ಹೆಸರಿಗೆ ಸಿಗುವ ಮಾನ್ಯತೆ ಸಾಣೆಗಾರನ ಹೆಸರಿಗೆ ಸಿಗದಿರುವುದು ಈ ವ್ಯಾಪಾರದ ಹಳೆಯ ಅನ್ಯಾಯ ಎಂದೇ ನನಗನಿಸುತ್ತದೆ. ಒಳ್ಳೆಯ ಅಂಗಡಿಯವರು ಎರಡನ್ನೂ ಹೇಳುತ್ತಾರೆ.

ಮೊದಲ ಹೆಜ್ಜೆ: ಒಂದು ಬದಿಯ ಸಾಣೆಯೋ, ಎರಡು ಬದಿಯ ಸಾಣೆಯೋ

ಜಪಾನಿನ ಚಾಕುಗಳು ಎರಡು ದೊಡ್ಡ ಕುಲಗಳಿಗೆ ಸೇರುತ್ತವೆ. ಹಸಿ ಮೀನನ್ನು ತೆಳುವಾಗಿ ಎಳೆದು ಕೊಯ್ಯುವ ಯಾನಗಿಬಾ, ಮೀನನ್ನು ಬಿಡಿಸುವ ದೇಬಾ, ತರಕಾರಿಯನ್ನು ಹಾಳೆಯಂತೆ ಸುಲಿಯಲು ಬಳಸುವ ಉಸುಬಾ ಇವೆಲ್ಲ ಒಂದೇ ಬದಿಗೆ ಸಾಣೆ ಹಿಡಿದವು. ಇವುಗಳ ಮುಂಬದಿಯಲ್ಲಿ ಅಂಚಿನವರೆಗೆ ಇಳಿಜಾರು ಇರುತ್ತದೆ. ಹಿಂಬದಿ ಸ್ವಲ್ಪ ಒಳಗುಳಿಯಾಗಿದ್ದು ಸುತ್ತಲಿನ ಕಿರಿದಾದ ಅಂಚು ಮಾತ್ರ ಕಲ್ಲಿಗೆ ತಾಗುತ್ತದೆ. ಕೊಯ್ದ ಮೇಲ್ಮೈ ಕನ್ನಡಿಯಂತೆ ನುಣುಪಾಗಿ ಬರುವುದು ಈ ರಚನೆಯ ದೊಡ್ಡ ಲಾಭ. ಆದರೆ ಇವು ಕೊಯ್ಯುವಾಗ ಒಂದು ಪಕ್ಕಕ್ಕೆ ಜಾರಲು ನೋಡುತ್ತವೆ, ಕೈಗೆ ಅಭ್ಯಾಸವಾಗಲು ಸಮಯ ಬೇಕು, ಹಿಂಬದಿಯ ಒಳಗುಳಿಯನ್ನು ಕೆಡಿಸದಂತೆ ಸಾಣೆ ಹಿಡಿಯಲೂ ಪ್ರತ್ಯೇಕವಾಗಿ ಕಲಿಯಬೇಕು. ಎಡಗೈಯವರಿಗೆ ಬೇರೆಯೇ ಚಾಕು ಬೇಕು. ಅದನ್ನು ಹೇಳಿ ಮಾಡಿಸಬೇಕಾಗುತ್ತದೆ, ಬೆಲೆಯೂ ಹೆಚ್ಚು.

ಉಳಿದವು ಎರಡೂ ಬದಿಗೆ ಸಾಣೆ ಹಿಡಿದವು: ಗ್ಯೂತೊ, ಸಾಂತೊಕು, ನಾಕಿರಿ, ಬುಂಕಾ, ಪೆಟಿ, ಸುಜಿಹಿಕಿ. ಮನೆಯ ಅಡುಗೆಗೆ, ಅದರಲ್ಲೂ ದಿನಕ್ಕೆರಡು ಹೊತ್ತು ಪಲ್ಯ, ಹುಳಿ, ಕೋಸಂಬರಿ ಮಾಡುವ ಮನೆಗೆ ಹೋಲಿಕೆಯನ್ನು ಈ ಕುಲದೊಳಗೇ ಇಟ್ಟುಕೊಳ್ಳುವುದು ಸರಿ. ಕರಾವಳಿಯ ಮೀನು ತಿನ್ನುವ ಮನೆಯವರಿಗೆ ದೇಬಾ ಆಕರ್ಷಕವಾಗಿ ಕಾಣಬಹುದು. ಒಂದು ಮಾತು ನೆನಪಿರಲಿ: ದೇಬಾ ನೋಡಲು ದಪ್ಪನಾಗಿದ್ದರೂ ಅದು ಕೊಚ್ಚುಗತ್ತಿಯಲ್ಲ. ಮೀನಿನ ತಲೆ ಬೇರ್ಪಡಿಸುವುದಕ್ಕೆ, ಬೆನ್ನುಮೂಳೆಯ ಉದ್ದಕ್ಕೂ ಮಾಂಸ ಬಿಡಿಸುವುದಕ್ಕೆ ಅದು ಹೇಳಿಮಾಡಿಸಿದ್ದು. ಅಂಜಲ್ ಮೀನನ್ನು ಮೂಳೆಸಮೇತ ಅಡ್ಡಡ್ಡ ತುಂಡು ಹಾಕುತ್ತಾ ಹೋದರೆ ಅದರ ಅಂಚಿನಲ್ಲಿ ಚಕ್ಕೆ ಏಳುವುದು ಹೊಸತೇನಲ್ಲ.

ಎರಡನೆಯ ಹೆಜ್ಜೆ: ಅಲಗಿನ ರೇಖೆಯನ್ನು ಓದುವುದು

ಹೆಸರಿಗಿಂತ ಅಂಚಿನ ರೇಖೆ ಮುಖ್ಯ. ಇದನ್ನು ಅಳೆಯಲು ಯಾವ ಉಪಕರಣವೂ ಬೇಡ. ಸಮತಟ್ಟಾದ ಮರದ ಮಣೆಯ ಮೇಲೆ ಚಾಕುವಿನ ಅಂಚನ್ನು ಮೆಲ್ಲನೆ ತಾಗಿಸಿ, ಕಣ್ಣನ್ನು ಮಣೆಯ ಮಟ್ಟಕ್ಕೆ ತಂದು, ಎದುರಿನಿಂದ ಬರುವ ಬೆಳಕನ್ನು ನೋಡಬೇಕು. ಹಿಡಿಯ ಕಡೆಯ ತುದಿಯನ್ನು, ಅಂದರೆ ಹಿಮ್ಮಡಿಯನ್ನು, ತಾಗಿಸಿದಾಗ ಎಷ್ಟು ಉದ್ದ ಅಂಚು ಮಣೆಗೆ ಕೂತಿದೆ, ಎಲ್ಲಿಂದ ಅದು ಮೇಲಕ್ಕೆ ಬಾಗಲು ತೊಡಗುತ್ತದೆ, ಮೊನೆ ಮಣೆಯಿಂದ ಎಷ್ಟು ಎತ್ತರದಲ್ಲಿದೆ ಎಂಬ ಮೂರು ಸಂಗತಿಗಳಲ್ಲಿ ಆ ಚಾಕುವಿನ ಸ್ವಭಾವದ ಬಹುಪಾಲು ಅಡಗಿರುತ್ತದೆ.

ಚಪ್ಪಟೆ ಭಾಗ ಹೆಚ್ಚಿದ್ದರೆ ಚಾಕುವನ್ನು ಮುಂದಕ್ಕೆ ತಳ್ಳುತ್ತಾ ಕೆಳಗಿಳಿಸುವ ಅಥವಾ ನೇರವಾಗಿ ಮೇಲೆ ಕೆಳಗೆ ಆಡಿಸುವ ಕ್ರಮಕ್ಕೆ ಅನುಕೂಲ. ಬಾಗು ಹೆಚ್ಚಿದ್ದರೆ ಮೊನೆಯನ್ನು ಮಣೆಗೆ ಊರಿ ಹಿಡಿಯನ್ನು ಏರಿಳಿಸುವ ತೂಗಾಟದ ಕ್ರಮಕ್ಕೆ ಅನುಕೂಲ. ಯುರೋಪಿನ ಚಾಕುಗಳಿಗೆ ಒಗ್ಗಿದವರು ಎರಡನೆಯ ಕ್ರಮದವರಾಗಿರುತ್ತಾರೆ; ಅವರ ಕೈಗೆ ನಾಕಿರಿ ಕೊಟ್ಟರೆ ಅದರ ಚೌಕನೆಯ ಮುಂಬದಿ ಮಣೆಗೆ ಕುಟ್ಟಿಕೊಳ್ಳುತ್ತದೆ, ಚಾಕುವೇ ಸರಿಯಿಲ್ಲ ಎಂಬ ತೀರ್ಮಾನ ಹೊರಬೀಳುತ್ತದೆ. ಈಳಿಗೆಮಣೆಯಲ್ಲಿ ಬೆಳೆದ ಕೈಗೆ ಎರಡೂ ಹೊಸವೇ, ಏಕೆಂದರೆ ಅಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಚಲಿಸುತ್ತದೆ. ಅಂಥವರು ಹಳೆಯ ಅಭ್ಯಾಸವನ್ನು ಬಿಡಿಸಿಕೊಳ್ಳಬೇಕಾಗಿಲ್ಲವಾದ್ದರಿಂದ ತಳ್ಳಿ ಹೆಚ್ಚುವ ಕ್ರಮವನ್ನು ಬೇಗ ಕಲಿಯುತ್ತಾರೆ ಎಂಬುದು ನಾನು ನೋಡಿದ ಮಟ್ಟಿಗೆ ನಿಜ.

ಗ್ಯೂತೊ ಎಲ್ಲಕ್ಕೂ ಒದಗುವ ಉದ್ದನೆಯ ಚಾಕು. 210 ಮತ್ತು 240 ಮಿ.ಮೀ. ಉದ್ದದವು ಹೆಚ್ಚು ಬಳಕೆಯಲ್ಲಿವೆ. ಅಡುಗೆಕಟ್ಟೆಯ ಮೇಲೆ ನಿಮ್ಮ ಮಣೆಯ ಉದ್ದ 40 ಸೆಂ.ಮೀ.ಗಿಂತ ಕಡಿಮೆಯಿದ್ದರೆ 240ರ ಆಸೆ ಬಿಡುವುದು ಒಳಿತು. ಸಾಂತೊಕು 165ರಿಂದ 180 ಮಿ.ಮೀ.; ಜಪಾನಿನ ಮನೆಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು. ಅದರ ಬೆನ್ನು ಮೊನೆಯ ಕಡೆಗೆ ಬಾಗಿ ಇಳಿಯುತ್ತದೆ, ಅಂಚು ಹೆಚ್ಚುಕಡಿಮೆ ಚಪ್ಪಟೆ. ನಾಕಿರಿ ಸಂಪೂರ್ಣ ತರಕಾರಿಯ ಚಾಕು. ಸೊಪ್ಪು, ಬೀನ್ಸ್, ಎಲೆಕೋಸು ಹೆಚ್ಚುವುದರಲ್ಲಿ ಇದನ್ನು ಮೀರಿಸುವ ಚಾಕು ನನಗೆ ತಿಳಿದಿಲ್ಲ, ಆದರೆ ಈರುಳ್ಳಿಯೊಳಗೆ ಮೊನೆಯಿಂದ ಸೀಳು ಹಾಕುವ ಕೆಲಸಕ್ಕೆ ಇದಕ್ಕೆ ಮೊನೆಯೇ ಇಲ್ಲ. ಆ ಕೊರತೆಯನ್ನು ತುಂಬುವುದು ಬುಂಕಾ. ಸಾಂತೊಕುವಿನ ಅಳತೆಯಲ್ಲೇ ಇದ್ದು, ತುದಿಯನ್ನು ಓರೆಯಾಗಿ ಕತ್ತರಿಸಿದಂತೆ ಚೂಪು ಮೊನೆ ಹೊಂದಿರುತ್ತದೆ. ಪೆಟಿ 120ರಿಂದ 150 ಮಿ.ಮೀ.ನ ಕಿರಿಯ ಚಾಕು. ಸುಜಿಹಿಕಿ ಬೇಯಿಸಿದ ಮಾಂಸವನ್ನು ಎಳೆದು ಕೊಯ್ಯುವುದಕ್ಕೆ. ಸಸ್ಯಾಹಾರಿ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಅಲಗಿನ ಎತ್ತರವನ್ನು ಹಲವರು ಗಮನಿಸುವುದೇ ಇಲ್ಲ. ಹಿಮ್ಮಡಿಯ ಬಳಿ ಅಂಚಿನಿಂದ ಬೆನ್ನಿನವರೆಗಿನ ಅಂತರ 45 ಮಿ.ಮೀ.ಗಿಂತ ಕಡಿಮೆಯಿದ್ದರೆ ದಪ್ಪ ಬೆರಳಿನವರ ಗೆಣ್ಣುಗಳು ಮಣೆಗೆ ತಾಗುತ್ತವೆ, 50 ಮಿ.ಮೀ. ಅಥವಾ ಅದಕ್ಕೆ ಹತ್ತಿರವಿದ್ದರೆ ನೆಮ್ಮದಿ, ಹೆಚ್ಚಿದ ಹೋಳುಗಳನ್ನು ಅಲಗಿನ ಮೇಲೆಯೇ ಬಾಣಲೆಗೆ ಸಾಗಿಸಲೂ ಸಲೀಸು.

ಮೂರನೆಯ ಹೆಜ್ಜೆ: ದಪ್ಪ, ಇಳಿಜಾರು ಮತ್ತು ಅಂಚಿನ ಹಿಂಭಾಗ

ಹೋಲಿಕೆಯ ತಿರುಳು ಇಲ್ಲಿದೆ; ಚೀಟಿಯಲ್ಲಿ ಎಂದೂ ಬರೆಯದ ಸಂಗತಿಯೂ ಇದೇ. ಚಾಕುವನ್ನು ಬೆನ್ನು ಮೇಲಾಗಿ ಹಿಡಿದು ಮೇಲಿನಿಂದ ನೋಡಿ. ಹಿಡಿಯ ಬಳಿ ದಪ್ಪನಾಗಿದ್ದ ಬೆನ್ನು ಮೊನೆಯ ಕಡೆಗೆ ಸಾಗುತ್ತಾ ಹಂತಹಂತವಾಗಿ ತೆಳ್ಳಗಾಗಬೇಕು. ಒಳ್ಳೆಯ ಕೈಕೆಲಸದ ಗ್ಯೂತೊವೊಂದರಲ್ಲಿ ಹಿಡಿಯ ಬಳಿ 3 ಮಿ.ಮೀ. ಅಥವಾ ಅದಕ್ಕೂ ಹೆಚ್ಚು, ನಡುವೆ 2 ಮಿ.ಮೀ. ಆಸುಪಾಸು, ಮೊನೆಗೆ ಒಂದು ಸೆಂಟಿಮೀಟರ್ ಇರುವಲ್ಲಿ 1 ಮಿ.ಮೀ.ಗಿಂತ ಕಡಿಮೆ ಇರುವುದು ವಾಡಿಕೆ. ಇಡೀ ಉದ್ದಕ್ಕೂ ಒಂದೇ ದಪ್ಪವಿದ್ದರೆ ಅದು ತಗಡಿನಿಂದ ಕತ್ತರಿಸಿ ತೆಗೆದ ಅಲಗಾಗಿರುವ ಸಾಧ್ಯತೆ ಹೆಚ್ಚು. ಅದೂ ಚೆನ್ನಾಗಿ ಕೊಯ್ಯಬಲ್ಲದು, ಆದರೆ ಬಡಿದು ಮಾಡಿದ್ದಕ್ಕೆ ಕೊಡುವ ಬೆಲೆಯನ್ನು ಅದಕ್ಕೆ ಕೊಡಬೇಕಾಗಿಲ್ಲ.

ಆಮೇಲೆ ಚಾಕುವನ್ನು ತಿರುಗಿಸಿ ಹಿಮ್ಮಡಿಯ ಕಡೆಯಿಂದ ಅದರ ಅಡ್ಡಸೀಳನ್ನು ನೋಡಿ. ಬೆನ್ನಿನಿಂದ ಅಂಚಿಗೆ ಇಳಿಯುವ ಬದಿಗಳು ನೇರವಾಗಿವೆಯೇ, ಸ್ವಲ್ಪ ಉಬ್ಬಿವೆಯೇ, ಅಂಚಿಗೆ ಮೊದಲಿನ ಐದಾರು ಮಿಲಿಮೀಟರಿನಲ್ಲಿ ಉಕ್ಕು ಎಷ್ಟು ತೆಳುವಾಗಿದೆ? ಈ ಕೊನೆಯ ಭಾಗದ ತೆಳುವೇ ಚಾಕುವಿನ ನಿಜವಾದ ಚುರುಕು. ಅಂಚು ಎಷ್ಟೇ ಹರಿತವಾಗಿದ್ದರೂ ಅದರ ಹಿಂಭಾಗ ದಪ್ಪವಿದ್ದರೆ ಗಟ್ಟಿ ಗಜ್ಜರಿಯಲ್ಲಿ ಅದು ಬೆಣೆಯಂತೆ ಕೆಲಸ ಮಾಡುತ್ತದೆ. ಗಜ್ಜರಿ ಕೊಯ್ಯದೆ ಟಪ್ಪನೆ ಸೀಳುತ್ತದೆ. ಇನ್ನೊಂದೆಡೆ ಬದಿಗಳು ಪೂರ್ತಿ ಚಪ್ಪಟೆಯಾಗಿ ತೀರ ತೆಳ್ಳಗಿದ್ದರೆ ಆಲೂಗಡ್ಡೆಯ ಬಿಲ್ಲೆಗಳು ಅಲಗಿಗೆ ಅಂಟಿಕೊಂಡು ಕೆಲಸ ನಿಧಾನವಾಗುತ್ತದೆ. ನುರಿತ ಸಾಣೆಗಾರ ಈ ಎರಡರ ನಡುವಿನ ದಾರಿ ಹಿಡಿಯುತ್ತಾನೆ: ಅಂಚಿನ ಬಳಿ ತೆಳು, ಅದರ ಮೇಲೆ ಬಲಬದಿಗೆ ಸೌಮ್ಯವಾದ ಉಬ್ಬು, ಎಡಬದಿ ಹೆಚ್ಚು ಚಪ್ಪಟೆ. ಬಲಗೈಯವರು ಹೆಚ್ಚಿದ ಹೋಳು ಆ ಉಬ್ಬಿನ ಮೇಲೆ ಜಾರಿ ಬೀಳುತ್ತದೆ. ಎಡಗೈಯವರು ಇಂಥ ಚಾಕು ಕೊಳ್ಳುವಾಗ ಎರಡೂ ಬದಿ ಸಮನಾಗಿರುವುದನ್ನೇ ಕೇಳಿ ಪಡೆಯಬೇಕು.

ಹಗುರವಾದ, ತೀರ ತೆಳ್ಳನೆಯ ಚಾಕುವೂ ಭಾರವಾದ, ಬೆನ್ನು ದಪ್ಪನೆಯ ಚಾಕುವೂ ಎರಡು ಬೇರೆ ಅಭಿರುಚಿಗಳು. ಮೊದಲನೆಯದು ಈರುಳ್ಳಿ, ಟೊಮೆಟೊ, ಸೌತೆಕಾಯಿಯಲ್ಲಿ ತಡೆಯೇ ಇಲ್ಲದಂತೆ ಇಳಿಯುತ್ತದೆ. ಎರಡನೆಯದರ ತೂಕವೇ ಅರ್ಧ ಕೆಲಸ ಮಾಡುತ್ತದೆ, ಹೋಳುಗಳೂ ಬೇರ್ಪಡುತ್ತವೆ. ಹೊಸಬರಿಗೆ ನಾನು ನಡುವಿನದನ್ನೇ ಹೇಳುತ್ತೇನೆ, ಏಕೆಂದರೆ ತೀರ ತೆಳ್ಳನೆಯ ಅಂಚು ಕೈ ಸ್ವಲ್ಪ ತಿರುಚಿದರೂ ಕ್ಷಮಿಸುವುದಿಲ್ಲ.

ಅಲಗಿನ ಮೇಲ್ಮೈಯ ಅಲಂಕಾರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕುಲುಮೆಯ ಕಪ್ಪನ್ನು ಹಾಗೆಯೇ ಉಳಿಸಿದ ಕುರೊಉಚಿ ತುಕ್ಕಿನಿಂದ ಅಲ್ಪಸ್ವಲ್ಪ ರಕ್ಷಣೆ ಕೊಡುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಸುತ್ತಿಗೆಯ ಗುಳಿಗಳಿಂದ ಹೋಳು ಅಂಟುವುದಿಲ್ಲ ಎಂಬ ಮಾತನ್ನು ಅರ್ಧದಷ್ಟೇ ನಂಬಬೇಕು. ಅಲೆಅಲೆಯಾದ ಪದರಗಳ ವಿನ್ಯಾಸ ಕಣ್ಣಿಗೆ ಹಬ್ಬ, ಕೊಯ್ಯುವುದಕ್ಕೆ ಅದರಿಂದ ಏನೂ ಆಗದು.

ನಾಲ್ಕನೆಯ ಹೆಜ್ಜೆ: ಉಕ್ಕು ಮತ್ತು ಹದ

ಬಹುಪಾಲು ಕೈಕೆಲಸದ ಚಾಕುಗಳಲ್ಲಿ ಗಟ್ಟಿ ಉಕ್ಕು ನಡುವೆ ಇದ್ದು, ಎರಡು ಬದಿಗಳಲ್ಲಿ ಮೆದು ಕಬ್ಬಿಣ ಅಥವಾ ತುಕ್ಕುಹಿಡಿಯದ ಮೆದು ಉಕ್ಕು ಬೆಸೆದಿರುತ್ತದೆ. ಒಂದು ಬದಿಯ ಸಾಣೆಯ ಚಾಕುಗಳಲ್ಲಿ ಎರಡೇ ಪದರ. ಗಟ್ಟಿ ಉಕ್ಕು ಒಂದೇ ಇದ್ದರೆ ಅಲಗು ಮುರಿಯಬಹುದು, ಸಾಣೆ ಹಿಡಿಯಲೂ ತ್ರಾಸ. ಮೆದು ಪದರ ಈ ಎರಡನ್ನೂ ನಿವಾರಿಸುತ್ತದೆ. ಇಡೀ ಅಲಗನ್ನು ಒಂದೇ ಉಕ್ಕಿನಿಂದ ಮಾಡಿ, ಬೆನ್ನಿಗೆ ಮಣ್ಣು ಲೇಪಿಸಿ ಅಂಚನ್ನು ಮಾತ್ರ ಪೂರ್ತಿ ಗಟ್ಟಿಯಾಗಿಸುವ ಹೊನ್‌ಯಾಕಿ ವಿಧಾನ ಖಡ್ಗ ತಯಾರಿಕೆಯಿಂದ ಬಂದದ್ದು. ಹದ ಕೊಡುವಾಗಲೇ ಅನೇಕ ಅಲಗುಗಳು ಬಿರುಕುಬಿಡುವುದರಿಂದ ಅದರ ಬೆಲೆ ವಿಪರೀತ. ಮೊದಲ ಚಾಕುವಾಗಿ ಅದನ್ನು ಕೊಳ್ಳುವುದಕ್ಕೆ ಯಾವ ಕಾರಣವೂ ಇಲ್ಲ.

ಇಂಗಾಲದ ಉಕ್ಕುಗಳಲ್ಲಿ ಶಿರೊಗಾಮಿ ಮತ್ತು ಆವೊಗಾಮಿ ಎಂಬ ಎರಡು ಹೆಸರುಗಳನ್ನು ಮತ್ತೆ ಮತ್ತೆ ಕೇಳುತ್ತೀರಿ. ಎರಡೂ ಶಿಮಾನೆ ಪ್ರಾಂತ್ಯದ ಯಾಸುಗಿಯಲ್ಲಿ ತಯಾರಾಗುವಂಥವು. ಹಿಂದೆ ಹಿಟಾಚಿ ಮೆಟಲ್ಸ್ ಎಂದಿದ್ದ ಕಂಪನಿಯ ಹೆಸರು ಈಗ ಪ್ರೊಟೀರಿಯಲ್. ಶಿರೊಗಾಮಿ ಎಂದರೆ ಕಬ್ಬಿಣ, ಇಂಗಾಲ, ಅತ್ಯಲ್ಪ ಕಲ್ಮಶ, ಅಷ್ಟೆ. ಅದರ 2ನೇ ದರ್ಜೆಯಲ್ಲಿ ಇಂಗಾಲ ಶೇ 1.05ರಿಂದ 1.15, 1ನೇ ದರ್ಜೆಯಲ್ಲಿ ಶೇ 1.25ರಿಂದ 1.35. ಇದು ಕಲ್ಲಿನ ಮೇಲೆ ಬಹಳ ಬೇಗ, ಬಹಳ ನವುರಾದ ಹರಿತಕ್ಕೆ ಬರುತ್ತದೆ. ಆವೊಗಾಮಿಗೆ ಟಂಗ್‌ಸ್ಟನ್ ಮತ್ತು ಸ್ವಲ್ಪ ಕ್ರೋಮಿಯಂ ಸೇರಿಸಲಾಗಿದೆ. 2ನೇ ದರ್ಜೆಯಲ್ಲಿ ಟಂಗ್‌ಸ್ಟನ್ ಶೇ 1ರಿಂದ 1.5. ಇದರಿಂದ ಉಂಟಾಗುವ ಗಟ್ಟಿ ಕಣಗಳು ಸವೆತವನ್ನು ತಡೆಯುವುದರಿಂದ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಸಾಣೆ ಹಿಡಿಯುವಾಗ ಅಷ್ಟೇ ಹೆಚ್ಚು ಶ್ರಮವೂ ಬೇಕು. ಆವೊಗಾಮಿ ಸೂಪರ್ ಎಂಬುದರಲ್ಲಿ ಇಂಗಾಲ ಶೇ 1.4ನ್ನು ದಾಟಿ, ಮಾಲಿಬ್ಡಿನಂ ಮತ್ತು ವನೇಡಿಯಂ ಕೂಡ ಸೇರಿರುತ್ತವೆ. ಕ್ರೋಮಿಯಂ ಅಲ್ಪವೇ ಇರುವುದರಿಂದ ಇವೆಲ್ಲಕ್ಕೂ ತುಕ್ಕು ಹಿಡಿಯುತ್ತದೆ.

ತುಕ್ಕುಹಿಡಿಯದ ಬಗೆಯಲ್ಲಿ ಗಿನ್‌ಸಾನ್ ಎಂಬ ಉಕ್ಕು, ಸುಮಾರು ಶೇ 1 ಇಂಗಾಲ ಮತ್ತು ಶೇ 13ರಿಂದ 14.5 ಕ್ರೋಮಿಯಂ ಉಳ್ಳದ್ದು, ಕಲ್ಲಿನ ಮೇಲೆ ಇಂಗಾಲದ ಉಕ್ಕಿಗೆ ಅತ್ಯಂತ ಸಮೀಪದ ಅನುಭವ ಕೊಡುತ್ತದೆ. ಎಚಿಜೆನ್‌ನ ತಾಕೆಫು ಸ್ಪೆಷಲ್ ಸ್ಟೀಲ್ ತಯಾರಿಸುವ ವಿಜಿ-10ರಲ್ಲಿ ಕ್ರೋಮಿಯಂ ಶೇ 15ರಷ್ಟಿದ್ದು ಕೋಬಾಲ್ಟ್ ಕೂಡ ಇದೆ. ಅದು ಎಲ್ಲೆಡೆ ಸಿಗುತ್ತದೆ. ಹದ ಸರಿಯಿದ್ದರೆ ಉತ್ತಮ, ಇಲ್ಲದಿದ್ದರೆ ಸಾಣೆ ಹಿಡಿಯುವಾಗ ಅಂಚಿನಲ್ಲಿ ಏಳುವ ಲೋಹದ ಸುರುಳಿ ಬಿಟ್ಟುಹೋಗದೆ ಸತಾಯಿಸುತ್ತದೆ. ಎಸ್‌ಜಿ2 ಅಥವಾ ಆರ್2 ಎಂಬುದು ಲೋಹದ ಪುಡಿಯನ್ನು ಒತ್ತಿ ಮಾಡಿದ ಉಕ್ಕು. ಹರಿತ ಬಹಳ ಕಾಲ ಉಳಿಯುವುದು ಅದರ ಗುಣ, ಮನೆಯಲ್ಲಿ ಕಲ್ಲು ಹಿಡಿಯುವವರ ತಾಳ್ಮೆಯನ್ನು ಪರೀಕ್ಷಿಸುವುದೂ ಅದರ ಗುಣವೇ.

ಗಡಸುತನವನ್ನು ರಾಕ್‌ವೆಲ್ ಸಿ ಮಾಪನದಲ್ಲಿ ಹೇಳುವ ರೂಢಿಯಿದೆ. ಜರ್ಮನಿಯ ಸಾಮಾನ್ಯ ಅಡುಗೆ ಚಾಕುಗಳು 56ರಿಂದ 58ರ ಆಸುಪಾಸಿನಲ್ಲಿದ್ದರೆ ಜಪಾನಿನ ಕೈಕೆಲಸದವು 60ರಿಂದ 65ರವರೆಗೆ ಇರುತ್ತವೆ. ಗಡಸು ಹೆಚ್ಚಿದಷ್ಟೂ ಅಂಚನ್ನು ತೆಳುವಾಗಿ, ಪ್ರತಿ ಬದಿಗೆ 10ರಿಂದ 15 ಡಿಗ್ರಿ ಕೋನದಲ್ಲಿ ಇಡಬಹುದು. ಹಾಗೆಯೇ ಅದು ಬಾಗುವ ಬದಲು ಚಕ್ಕೆ ಏಳುವ ಸಂಭವವೂ ಹೆಚ್ಚುತ್ತದೆ. ಆದರೆ ಚೀಟಿಯಲ್ಲಿ ಬರೆದ 62 ಮತ್ತು 63ರ ನಡುವೆ ಆಯ್ಕೆ ಮಾಡುತ್ತಾ ಕೂರುವುದು ವ್ಯರ್ಥ. ಶಿರೊಗಾಮಿಯಂಥ ಸರಳ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುವಾಗ ಸರಿಯಾದ ಬಿಸಿಯ ಮಿತಿ ಬಹಳ ಕಿರಿದು. ಸ್ವಲ್ಪ ಹೆಚ್ಚಾದರೆ ಉಕ್ಕಿನ ಕಣಗಳು ದೊಡ್ಡವಾಗಿ ಅಂಚು ಪೆಡಸಾಗುತ್ತದೆ, ಕಡಿಮೆಯಾದರೆ ಗಟ್ಟಿಯಾಗುವುದೇ ಇಲ್ಲ. ಅದಕ್ಕಾಗಿಯೇ ಅನೇಕ ಕಮ್ಮಾರರು ಉಕ್ಕಿನ ಬಣ್ಣವನ್ನು ಕಣ್ಣಿನಿಂದಲೇ ಅಳೆಯಲು ಕುಲುಮೆಯ ಕೋಣೆಯನ್ನು ಕತ್ತಲಾಗಿ ಇಟ್ಟುಕೊಳ್ಳುತ್ತಾರೆ. ಹದ ಬಲ್ಲವನ ಶಿರೊಗಾಮಿ 2, ಹದ ತಪ್ಪಿದವನ ಆವೊಗಾಮಿ ಸೂಪರನ್ನು ಪ್ರತಿ ಸಲವೂ ಸೋಲಿಸುತ್ತದೆ.

ಹದದ ಬಗ್ಗೆ ನಮ್ಮೂರಿನ ಸಂದರ್ಭದಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಇಂಗಾಲದ ಉಕ್ಕುಗಳಿಗೆ ಅದ್ದಿದ ಮೇಲೆ ಕೊಡುವ ಎರಡನೆಯ ಶಾಖ ಸುಮಾರು 150ರಿಂದ 200 ಡಿಗ್ರಿ ಸೆಲ್ಸಿಯಸ್ ಮಾತ್ರ. ಬೀದಿಯಲ್ಲಿ ಬರುವ ಸಾಣೆಯವರ ಒಣ ಚಕ್ರಕ್ಕೆ ಹಿಡಿದು ಕಿಡಿ ಹಾರಿಸಿದರೆ ತೆಳ್ಳನೆಯ ಅಂಚು ಕ್ಷಣದಲ್ಲಿ ಆ ಶಾಖವನ್ನು ದಾಟುತ್ತದೆ, ಹದ ಅಳಿಯುತ್ತದೆ. ಆ ಭಾಗ ಸವೆದು ಹೋಗುವವರೆಗೆ ಚಾಕುವಿನಲ್ಲಿ ಹರಿತ ನಿಲ್ಲುವುದಿಲ್ಲ. ಚಾಕುವಿನ ಲೆಕ್ಕದಲ್ಲಿ 1000 ದರ್ಜೆಯ ಒಂದು ನೀರುಕಲ್ಲು (ನೀರು ಹಾಕಿ ಸಾಣೆ ಹಿಡಿಯುವ ಕಲ್ಲು; ಸಂಖ್ಯೆ ಹೆಚ್ಚಿದಷ್ಟೂ ನವುರು) ಮತ್ತು 3000ದಿಂದ 6000ದೊಳಗಿನ ಇನ್ನೊಂದು ಕಲ್ಲಿನ ಬೆಲೆಯನ್ನು ಮೊದಲೇ ಸೇರಿಸಿಕೊಳ್ಳಿ.

ತುಕ್ಕಿನ ವಿಷಯದಲ್ಲಿ ಊರಿನ ಹವೆಯನ್ನೂ ಅಡುಗೆಯನ್ನೂ ನೋಡಬೇಕು. ಮಾವಿನಕಾಯಿ, ನಿಂಬೆ, ಬಾಳೆದಿಂಡು, ಬಾಳೆಹೂವುಗಳನ್ನು ಇಂಗಾಲದ ಉಕ್ಕಿನಿಂದ ಹೆಚ್ಚಿದರೆ ಅಲಗೂ ಕಪ್ಪಾಗುತ್ತದೆ, ಹೆಚ್ಚಿದ್ದೂ ಕಪ್ಪಾಗುತ್ತದೆ. ಬಳಸುತ್ತಾ ಹೋದಂತೆ ಅಲಗಿನ ಮೇಲೆ ನೀಲಿ-ಬೂದು ಪದರ ಕೂಡಿ ಈ ಪ್ರತಿಕ್ರಿಯೆ ತಗ್ಗುತ್ತದೆ. ಆ ಪದರ ಕೆಡುಕಲ್ಲ, ಕೆಂಪು ತುಕ್ಕು ಮಾತ್ರ ಕೆಡುಕು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ತೊಳೆದು ಒರೆಸದೆ ಇಟ್ಟ ಚಾಕು ಮಾರನೆಯ ಬೆಳಗಿನೊಳಗೆ ಚುಕ್ಕೆ ಕಟ್ಟುತ್ತದೆ. ಅಂಥಲ್ಲಿ ನಡುವೆ ಇಂಗಾಲದ ಉಕ್ಕು, ಬದಿಗಳಲ್ಲಿ ತುಕ್ಕುಹಿಡಿಯದ ಉಕ್ಕು ಇರುವ ಚಾಕು ಅತ್ಯಂತ ಸಮಂಜಸ: ಗಮನ ಬೇಕಾಗುವುದು ಅಂಚಿನ ಕೆಲವು ಮಿಲಿಮೀಟರಿಗೆ ಮಾತ್ರ. ಮನೆಯಲ್ಲಿ ಚಾಕುವನ್ನು ಹಲವರು ಬಳಸುತ್ತಾರೆ, ಒರೆಸುವ ಭರವಸೆಯಿಲ್ಲ ಎಂದಾದರೆ ಗಿನ್‌ಸಾನ್‌ಗೆ ಹೋಗಿ.

ಐದನೆಯ ಹೆಜ್ಜೆ: ಕೈಯಲ್ಲಿ ಕೂರುವ ಬಗೆ

ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ತೂಗಿ ನೋಡಿದರೆ ಏನೂ ತಿಳಿಯದು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಲಗಿನ ಬುಡವನ್ನೇ ಚಿವುಟಿದಂತೆ ಹಿಡಿದು, ಉಳಿದ ಮೂರು ಬೆರಳುಗಳನ್ನು ಹಿಡಿಯ ಸುತ್ತ ಸಡಿಲವಾಗಿ ಇಡಬೇಕು. ಜಪಾನಿ ಬಗೆಯ ಹಿಡಿ ಹೋ ಎಂಬ ಜಪಾನಿ ಮ್ಯಾಗ್ನೋಲಿಯಾ ಮರದ್ದು, ಕುತ್ತಿಗೆಯಲ್ಲಿ ಎಮ್ಮೆಕೊಂಬಿನ ಪಟ್ಟಿ, ಬಹಳ ಹಗುರ. ಹೀಗಾಗಿ ತೂಕದ ಕೇಂದ್ರ ಅಲಗಿನ ಕಡೆಗೆ, ಬೆರಳು ಚಿವುಟಿದ ಜಾಗಕ್ಕಿಂತ ಸ್ವಲ್ಪ ಮುಂದೆ ಬರುತ್ತದೆ, ಚಾಕು ತಾನಾಗಿ ಮಣೆಯ ಕಡೆಗೆ ಇಳಿಯುತ್ತದೆ. ಪಾಶ್ಚಾತ್ಯ ಬಗೆಯ, ರಿವೆಟ್ ಹೊಡೆದ ಹಿಡಿಯಲ್ಲಿ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ತೂಗಾಟದ ಕ್ರಮದವರಿಗೆ ಅದೇ ಹಿತ. ಎರಡರಲ್ಲಿ ಒಂದು ಮೇಲು ಎಂಬ ವಾದಕ್ಕೆ ಅರ್ಥವಿಲ್ಲ. ಜಪಾನಿ ಹಿಡಿ ಹಾಳಾದರೆ ಸುಲಭವಾಗಿ ಬದಲಿಸಬಹುದು ಎಂಬುದು ಮಾತ್ರ ನಿಜವಾದ ಲಾಭ.

ಹಿಡಿಯ ಅಡ್ಡಸೀಳು ಎಂಟು ಮೂಲೆಯದಾಗಿರಬಹುದು, ಮೊಟ್ಟೆಯಾಕಾರದ್ದಾಗಿರಬಹುದು, ಒಂದು ಪಕ್ಕಕ್ಕೆ ಏಣು ಇರುವುದಾಗಿರಬಹುದು. ಕೊನೆಯದು ಸಾಮಾನ್ಯವಾಗಿ ಬಲಗೈಯವರಿಗಾಗಿಯೇ ಮಾಡಿದ್ದು. ಅಂಗಡಿಯಲ್ಲಿ ಒಣಗೈಯಲ್ಲಿ ಚೆನ್ನಾಗಿ ಕೂತ ನುಣುಪು ಹಿಡಿ ಮನೆಯಲ್ಲಿ ಒದ್ದೆಗೈಯಲ್ಲಿ ಜಾರುತ್ತದೆ, ಮೆರುಗು ಹಚ್ಚದ ಹೋ ಮರ ಜಾರುವುದಿಲ್ಲ. ಬೆನ್ನಿನ ಮೂಲೆಗಳನ್ನೂ ಹಿಮ್ಮಡಿಯ ಹಿಂದಿನ ಸಣ್ಣ ಬಾಗನ್ನೂ ಬೆರಳಿನಿಂದ ಸವರಿ ನೋಡಿ. ಅವು ಉರುಟಾಗಿ ನಯವಾಗಿದ್ದರೆ ಮಾಡಿದವರು ಬಳಸುವವರನ್ನು ನೆನೆದಿದ್ದಾರೆ ಎಂದರ್ಥ. ಚೂಪಾಗಿಯೇ ಬಿಟ್ಟಿದ್ದರೆ ಮದುವೆಮನೆಯ ಅಡುಗೆಗೆ ಕೂತ ದಿನ ತೋರುಬೆರಳಿನಲ್ಲಿ ಬೊಬ್ಬೆ ಏಳುವುದು ಖಂಡಿತ.

ಇದೇ ಹೊತ್ತಿನಲ್ಲಿ ದೋಷಗಳನ್ನೂ ಪರೀಕ್ಷಿಸಿ. ಹಿಡಿಯ ಕಡೆಯಿಂದ ಮೊನೆಯವರೆಗೆ ಒಂದೇ ಕಣ್ಣಿನಿಂದ ನೋಡಿ ಅಲಗು ಡೊಂಕಾಗಿದೆಯೇ, ತಿರುಚಿದೆಯೇ ಎಂದು ತಿಳಿಯಿರಿ. ಮಣೆಯ ಮೇಲೆ ಇಟ್ಟಾಗ ಅಂಚಿನ ನಡುವೆ ಬೆಳಕಿನ ಗೆರೆ ಕಂಡರೆ ಅಲ್ಲಿ ಸಾಣೆ ಅತಿಯಾಗಿದೆ. ಗಟ್ಟಿ ಉಕ್ಕು ಮತ್ತು ಮೆದು ಪದರ ಸೇರುವ ಗೆರೆ ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ಒಂದು ಕಡೆ ಅಂಚಿಗೆ ತೀರ ಸಮೀಪ ಬಂದಿದ್ದರೆ ವರ್ಷಗಳ ಸಾಣೆಯ ನಂತರ ಅಲ್ಲಿ ಮೆದು ಕಬ್ಬಿಣವೇ ಉಳಿಯಬಹುದು. ಸುತ್ತಿಗೆಯ ಗುರುತು ಅಸಮವಾಗಿರುವುದು, ಹಿಡಿಯ ಮರದಲ್ಲಿ ಬಣ್ಣ ವ್ಯತ್ಯಾಸವಿರುವುದು ದೋಷಗಳಲ್ಲ. ಅಂಗಡಿಯವರು ಅಲಗಿನ ಮೇಲೆ ನಿಮ್ಮ ಹೆಸರು ಕೆತ್ತಿಕೊಡುತ್ತೇವೆ ಎಂದರೆ ಈ ಪರೀಕ್ಷೆ ಮುಗಿದ ಮೇಲೆಯೇ ಒಪ್ಪಿ. ಹೆಸರು ಬಿದ್ದ ಚಾಕುವನ್ನು ಮರಳಿಸುವುದು ಕಷ್ಟ. ವಿಮಾನದಲ್ಲಿ ಅದು ಒಪ್ಪಿಸುವ ಸಾಮಾನಿನಲ್ಲೇ ಬರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆರನೆಯ ಹೆಜ್ಜೆ: ಮಣೆಯ ಮೇಲೆ ಎರಡು ಚಾಕು

ಎರಡು ಚಾಕುಗಳನ್ನು ನ್ಯಾಯವಾಗಿ ಹೋಲಿಸಬೇಕಾದರೆ ಒಂದು ಸಲಕ್ಕೆ ಒಂದೇ ಗುಣ ಬೇರೆಯಾಗಿರಬೇಕು. ಒಂದೇ ಉದ್ದದ ಎರಡು ಗ್ಯೂತೊಗಳು ಬೇರೆ ಉಕ್ಕಿನವಾಗಿದ್ದರೆ ಉಕ್ಕಿನ ಬಗ್ಗೆ ಏನಾದರೂ ಹೇಳಬಹುದು. ನಾಕಿರಿಯನ್ನೂ ಗ್ಯೂತೊವನ್ನೂ ಪಕ್ಕದಲ್ಲಿಟ್ಟು ಆವೊಗಾಮಿ ಉತ್ತಮ ಎಂದರೆ ಅದು ಹೋಲಿಕೆಯಲ್ಲ. ಹೊಸ ಚಾಕುಗಳ ಹರಿತವೂ ಬೇರೆ ಬೇರೆಯಾಗಿರುವುದರಿಂದ, ಸಾಧ್ಯವಿದ್ದರೆ ಎರಡನ್ನೂ ಒಂದೇ ಕಲ್ಲಿನಲ್ಲಿ ಒಂದೇ ಕೋನಕ್ಕೆ ತಂದುಕೊಂಡು ಆರಂಭಿಸಿ.

ಮೊದಲು ದಪ್ಪ ಗಜ್ಜರಿಯನ್ನು ಅದರ ಬುಡದ ಕಡೆ ಅಡ್ಡಲಾಗಿ ಕೊಯ್ಯಿರಿ. ಸದ್ದಿಲ್ಲದೆ ಇಳಿದರೆ ಅಂಚಿನ ಹಿಂಭಾಗ ತೆಳುವಾಗಿದೆ, ಕೊನೆಯಲ್ಲಿ ಟಪ್ಪೆಂದು ಒಡೆದರೆ ದಪ್ಪವಿದೆ. ಆಲೂಗಡ್ಡೆಯ ಬಿಲ್ಲೆಗಳು ಅಲಗಿಗೆ ಅಂಟುತ್ತವೆಯೋ ಬೀಳುತ್ತವೆಯೋ ಎಂಬುದು ಬದಿಗಳ ಉಬ್ಬನ್ನು ಹೇಳುತ್ತದೆ. ಅರ್ಧ ಈರುಳ್ಳಿಗೆ ಮೊನೆಯಿಂದ ಮಲಗಿಸಿ ಸೀಳು ಹಾಕುವಾಗ ಈರುಳ್ಳಿ ಅಲುಗಿದರೆ ಮೊನೆ ದಪ್ಪ. ಹಣ್ಣು ಟೊಮೆಟೊದ ಸಿಪ್ಪೆಯ ಮೇಲೆ ಚಾಕುವಿನ ತೂಕವನ್ನಷ್ಟೇ ಬಿಟ್ಟು ಎಳೆದಾಗ ಸಿಪ್ಪೆ ಕಚ್ಚಿಕೊಳ್ಳಬೇಕು. ಕೊತ್ತಂಬರಿ ಸೊಪ್ಪನ್ನು ಹೆಚ್ಚಿದ ಮೇಲೆ ಎತ್ತಿ ನೋಡಿ. ಎಳೆಗಳು ಬಿಡದೆ ಒಂದಕ್ಕೊಂದು ಕೂಡಿಕೊಂಡಿದ್ದರೆ ಅಂಚು ಪೂರ್ತಿ ಮಣೆಗೆ ತಾಗುತ್ತಿಲ್ಲ, ಅಥವಾ ಚಾಕುವಿನ ರೇಖೆಗೂ ನಿಮ್ಮ ಕೈಯ ಚಲನೆಗೂ ಹೊಂದಿಕೆಯಾಗುತ್ತಿಲ್ಲ. ಈ ಐದು ತರಕಾರಿಗಳಲ್ಲಿ ತಿಳಿಯದೆ ಉಳಿಯುವುದು ಅಲ್ಪ.

ಪರೀಕ್ಷೆಯ ಹೆಸರಿನಲ್ಲಿ ತೆಂಗಿನಕಾಯಿ, ಮೂಳೆ, ಫ್ರೀಜರಿನಿಂದ ಆಗತಾನೇ ತೆಗೆದದ್ದು, ಹಲಸಿನ ಗೂಂಜು, ಬಲಿತ ಸಿಹಿಗುಂಬಳದ ಸಿಪ್ಪೆ ಇವುಗಳ ಮೇಲೆ ಈ ಚಾಕುಗಳನ್ನು ಪ್ರಯೋಗಿಸಬೇಡಿ. ಅವಕ್ಕೆ ನಮ್ಮ ಕತ್ತಿಯೇ ಇದೆ. ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆ, ಗಾಜಿನ ಮಣೆಯ ಮೇಲೂ ಹೆಚ್ಚಬಾರದು. ಹೋಳುಗಳನ್ನು ಬದಿಗೆ ಸರಿಸುವಾಗ ಅಂಚಿನಿಂದ ಕೆರೆಯದೆ ಚಾಕುವನ್ನು ತಿರುಗಿಸಿ ಬೆನ್ನಿನಿಂದ ಸರಿಸಿ.

ಉಕ್ಕಿನ ಬಗ್ಗೆ ಕೊನೆಯ ತೀರ್ಪನ್ನು ಮಾತ್ರ ಮೊದಲ ದಿನವೇ ಕೊಡುವಂತಿಲ್ಲ. ಕಾರ್ಯಾಗಾರದಿಂದ ಬಂದ ಅಂಚು ಕೆಲವೊಮ್ಮೆ ಅತಿ ತೆಳುವಾಗಿರುತ್ತದೆ, ಕೆಲವೊಮ್ಮೆ ಚಕ್ರದ ಬಿಸಿಯಿಂದ ಸ್ವಲ್ಪ ಸೊರಗಿರುತ್ತದೆ. ಹೀಗಾಗಿ ಹೊಸ ಚಾಕುವಿನಲ್ಲಿ ಸಣ್ಣ ಚಕ್ಕೆಗಳು ಎದ್ದರೆ ಗಾಬರಿಯಾಗದೆ, ಒಂದೆರಡು ಬಾರಿ ನೀರುಕಲ್ಲಿನ ಮೇಲೆ ಸಾಣೆ ಹಿಡಿದು ಒಳಗಿನ ಉಕ್ಕನ್ನು ಹೊರತೆಗೆಯಬೇಕು. ಆಗಲೂ ಚಕ್ಕೆ ಏಳುತ್ತಿದ್ದರೆ, ಕೊನೆಯ ನಾಲ್ಕಾರು ಎಳೆತಗಳನ್ನು ಎರಡು ಮೂರು ಡಿಗ್ರಿ ಹೆಚ್ಚಿನ ಕೋನದಲ್ಲಿ, ಭಾರ ಹಾಕದೆ ಎಳೆದು ಅಂಚಿಗೆ ಬಲ ಕೊಡಿ. ಅದರಿಂದಲೂ ನಿಲ್ಲದಿದ್ದರೆ ತಪ್ಪು ಹದದಲ್ಲಿರಬಹುದು, ಕೊಂಡ ಅಂಗಡಿಗೆ ಬರೆಯಬೇಕಾದ ಸಮಯ ಅದು. ಬರೆಯುವಾಗ ಹಿಮ್ಮಡಿಯ ಕಡೆಯ ಅಡ್ಡಸೀಳಿನದೂ ಚಕ್ಕೆ ಎದ್ದ ಜಾಗದ್ದೂ ಚಿತ್ರ ತೆಗೆದು ಕಳಿಸಿ, ಯಾವ ಕಲ್ಲಿನಲ್ಲಿ ಯಾವ ಕೋನಕ್ಕೆ ಸಾಣೆ ಹಿಡಿದಿರಿ, ಏನನ್ನು ಹೆಚ್ಚುತ್ತಿದ್ದಿರಿ, ಮಣೆ ಯಾವ ಮರದ್ದು ಎಂಬುದನ್ನೂ ತಿಳಿಸಿ. ಸಾಣೆಗಾರನಿಗೆ ಆ ವಿವರಗಳಿಲ್ಲದೆ ತಪ್ಪು ಹದದ್ದೋ ಬಳಕೆಯದ್ದೋ ಎಂದು ಹೇಳಲಾಗದು.